ಜೂಲಿಯಾ ಪಾಸ್ತ್ರಾನಾ: ತಾಯ್ನೆಲಕ್ಕೆ ಮರಳಿದ ಜೀವ

ಮೆಕ್ಸಿಕೋ ದೇಶದ ಪಶ್ಚಿಮ ಭಾಗದಲ್ಲಿರುವ ಸಿನಲೋವಾ ಪ್ರಾಂತದ ಮೂಲನಿವಾಸಿಗಳ ಕುಲದಲ್ಲಿ 1834ರಲ್ಲಿ ಜೂಲಿಯಾ ಪಾಸ್ತ್ರಾನಾ ಜನಿಸಿದಳು. ಮುಖವೂ ಸೇರಿದಂತೆ ಆಕೆಯ ಮೈಯನ್ನೆಲ್ಲ ದಟ್ಟವಾದ ಕಪ್ಪು ಕೂದಲು ಆವರಿಸಿತ್ತು. ವಸಡುಗಳು ದಪ್ಪವಾಗಿ ಬೆಳೆದುದರಿಂದ ತುಟಿಗಳು ಮುಂಚಾಚಿದ್ದವು. ಎತ್ತರ ಸುಮಾರು ನಾಲ್ಕೂವರೆ ಅಡಿ. ಹೈಪರ್‌ಟ್ರೈಕೋಸಿಸ್ ಎಂದು ಇಂದಿನ ವೈದ್ಯಶಾಸ್ತ್ರವು ಹೆಸರಿಸುವ ಈ ಸ್ಥಿತಿ ಅತಿ ವಿರಳವಾದುದು. ಅದು ರೂಪವನ್ನು ಬದಲಿಸಿತೇ ಹೊರತು ಆಕೆಯ ಬುದ್ಧಿಯನ್ನಾಗಲಿ ಹೃದಯವನ್ನಾಗಲಿ ಮುಟ್ಟಲಿಲ್ಲ.

ಬಾಲ್ಯದ ಕೆಲವು ವರ್ಷಗಳನ್ನು ಪ್ರಾಂತದ ರಾಜ್ಯಪಾಲರ ಮನೆಯಲ್ಲಿ ಕಳೆದ ಜೂಲಿಯಾ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನ ಮಂದಿರವನ್ನು ಸೇರಿದಳು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಇಂಪಾಗಿ ಹಾಡಬಲ್ಲವಳಾಗಿದ್ದಳು, ಲಾಲಿತ್ಯದಿಂದ ನರ್ತಿಸಬಲ್ಲವಳಾಗಿದ್ದಳು. ಆದರೆ ಕರಪತ್ರಗಳಲ್ಲಿ ಆಕೆಯನ್ನು ಕರಡಿಹೆಣ್ಣು, ವಾನರಹೆಣ್ಣು ಎಂದು ಸಾರಲಾಯಿತು. ನ್ಯೂಯಾರ್ಕಿನ ವೈದ್ಯ ಅಲೆಕ್ಸಾಂಡರ್ ಮಾಟ್ ಆಕೆಯನ್ನು ಮನುಷ್ಯ ಮತ್ತು ಒರಾಂಗುಟಾನ್‌ಗಳ ಮಿಶ್ರಸಂತಾನವೆಂದು ಘೋಷಿಸಿದನು. ಬಾಸ್ಟನ್ನಿನ ಸ್ಯಾಮ್ಯುಯೆಲ್ ನೀಲ್ಯಾಂಡ್ ಆಕೆ ಸಂಪೂರ್ಣವಾಗಿ ಮನುಷ್ಯಳೆಂದು ಸ್ಪಷ್ಟಪಡಿಸಿದನು. 1868ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾರ್ವಿನ್ ಸಹ ಆಕೆಯನ್ನು ಒಬ್ಬ ನರ್ತಕಿಯೆಂದೇ ಉಲ್ಲೇಖಿಸಿದನು. ಆದರೂ ಟಿಕೇಟು ಕೊಂಡು ಬಂದ ಜನಕ್ಕೆ ಬೇಕಾಗಿದ್ದುದು ಮಾಟ್‌ನ ಮಾತೇ.

ಪ್ರದರ್ಶಕನಾದ ಥಿಯೋಡರ್ ಲೆಂಟ್ ಆಕೆಯನ್ನು ವಿವಾಹವಾಗಿ 1857ರಲ್ಲಿ ಲಂಡನ್ನಿಗೂ ಅನಂತರ ಯುರೋಪಿನ ಇತರ ನಗರಗಳಿಗೂ ಕರೆದೊಯ್ದನು. 1860ರ ಮಾರ್ಚ್ ತಿಂಗಳಲ್ಲಿ ಮಾಸ್ಕೋ ನಗರದಲ್ಲಿ ಜೂಲಿಯಾ ಗಂಡುಮಗುವಿಗೆ ಜನ್ಮವಿತ್ತಳು. ತಾಯಿಯಂತೆಯೇ ಮೈತುಂಬ ಕೂದಲಿದ್ದ ಆ ಶಿಶು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಅದರ ಹಿಂದೆಯೇ ತಾಯಿಯೂ ಕಣ್ಮುಚ್ಚಿದಳು.

ಮರಣವೂ ಆಕೆಗೆ ಬಿಡುಗಡೆ ನೀಡಲಿಲ್ಲ. ಮಾಸ್ಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೊಬ್ಬನು ತಾಯಿಮಕ್ಕಳ ದೇಹಗಳನ್ನು ಕೆಡದಂತೆ ಸಂಸ್ಕರಿಸಿದನು. ಅವು ಜೀವಂತವಾಗಿರುವಂತೆಯೇ ಕಾಣುವುದನ್ನು ಅರಿತ ಲೆಂಟ್ ಪತಿಯ ಹಕ್ಕನ್ನು ಮುಂದಿಟ್ಟು ಅವನ್ನು ಮರಳಿ ಪಡೆದು, 1862ರಲ್ಲಿ ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಹಣ ಸಂಪಾದಿಸಿದನು. 1884ರಲ್ಲಿ ಅವನು ರಷ್ಯಾದ ಮಾನಸಿಕ ಚಿಕಿತ್ಸಾಲಯದಲ್ಲಿ ಮಡಿದ ಮೇಲೂ ದೇಹಗಳು ಕೈಯಿಂದ ಕೈಗೆ ಸಾಗಿದವು. 1921ರಲ್ಲಿ ನಾರ್ವೆ ದೇಶದ ಹಾಕೋನ್ ಲುಂಡ್ ಎಂಬಾತನು ಅವನ್ನು ಕೊಂಡನು. 1970ರ ದಶಕದವರೆಗೂ ಅವು ಜಾತ್ರೆ ಮೇಳಗಳಲ್ಲಿ ಸುತ್ತಿದವು. 1976ರಲ್ಲಿ ಕಿಡಿಗೇಡಿಗಳಿಂದ ಮಗುವಿನ ದೇಹ ನಾಶವಾಯಿತು. 1979ರಲ್ಲಿ ಕಳುವಾಗಿ ಮತ್ತೆ ಸಿಕ್ಕ ತಾಯಿಯ ದೇಹ ಕಡೆಗೆ ಆಸ್ಲೋ ವಿಶ್ವವಿದ್ಯಾಲಯದ ಸಂಗ್ರಹವನ್ನು ಸೇರಿತು.

ಮೆಕ್ಸಿಕೋ ಮೂಲದ ಕಲಾವಿದೆ ಲಾರಾ ಆಂಡರ್ಸನ್ ಬಾರ್ಬಾತಾ ಜೂಲಿಯಾಳನ್ನು ತಾಯ್ನೆಲಕ್ಕೆ ಕಳುಹಿಸಬೇಕೆಂದು ಹಲವು ವರ್ಷ ಬಿಡದೆ ಶ್ರಮಿಸಿದಳು. ನಾರ್ವೆಯ ಸಂಶೋಧನಾ ನೀತಿ ಸಮಿತಿಯೊಂದು 2012ರಲ್ಲಿ ವಿಷಯವನ್ನು ಪರಿಶೀಲಿಸಿ, ವಸ್ತುಸಂಗ್ರಹದ ಮಾದರಿಯಾಗಿ ಉಳಿಯಲು ಜೂಲಿಯಾ ಬಯಸಿರಲಾರಳೆಂಬ ಅಭಿಪ್ರಾಯಕ್ಕೆ ಬಂದಿತು. ಆಕೆ ಬದುಕಿದ್ದಾಗ ಯಾರೂ ವಿಚಾರಿಸದಿದ್ದ ಆಕೆಯ ಇಚ್ಛೆಗೆ ಹೀಗೆ ಬೆಲೆ ದೊರೆಯಿತು.

2013ರ ಫೆಬ್ರವರಿ 12ರಂದು ಸಿನಲೋವಾ ದೆ ಲೇವಾ ಊರಿನಲ್ಲಿ, ಬಿಳಿಯ ಹೂಗಳಿಂದ ಮುಚ್ಚಿದ ಶ್ವೇತ ಪೆಟ್ಟಿಗೆಯಲ್ಲಿ ಜೂಲಿಯಾಳನ್ನು ಭೂಮಿಗೆ ಒಪ್ಪಿಸಲಾಯಿತು. ಅಂದು ನೆರೆದ ಜನ ಬಂದದ್ದು ಆಕೆಯನ್ನು ನೋಡಲಿಕ್ಕಲ್ಲ, ಬೀಳ್ಕೊಡಲಿಕ್ಕೆ. ಮನುಷ್ಯಳೆಂಬ ಒಂದೇ ಕಾರಣಕ್ಕೆ ಆಕೆಗೆ ಸಲ್ಲಬೇಕಾಗಿದ್ದ ಗೌರವ ಸಲ್ಲಲು ಸುಮಾರು 153 ವರ್ಷಗಳೇ ಬೇಕಾದವು.