ಪಂಡಿತಾ ರಮಾಬಾಯಿಯವರೂ ಮನೆಯ ಕ್ರಮವೂ

ಕತಗಾಲದ ಸುತ್ತಣ ಮನೆಗಳಿಗೆ ನಾವು ಹೋಗಿ, ಮಕ್ಕಳನ್ನು ಕೂಡ್ರಿಸಿಕೊಂಡು ಓದಿಸುವಿರೋ, ಮನೆಯವರೆಲ್ಲರು ಕೂಡಿ ಪ್ರಾರ್ಥಿಸುವಿರೋ ಎಂದು ಕೇಳುವಾಗ ಬಹುಮಂದಿ ತಾಯಂದಿರಿಂದ ಬರುವ ಉತ್ತರವು ಒಂದೇ. ಹೊತ್ತು ಸಿಕ್ಕುವದಿಲ್ಲ ಎಂಬದೇ ಆ ಉತ್ತರ. ಅದು ಸುಳ್ಳೆಂದು ನಾವು ಹೇಳಲಾರೆವು. ಕೋಳಿ ಕೂಗುವ ಮುಂಚೆ ಎದ್ದು, ಕೊಟ್ಟಿಗೆಯನ್ನು ಬಳಿದು, ಹಾಲು ಕರೆದು, ಗಂಜಿ ಬೇಯಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಗದ್ದೆಗೋ ಅಡಿಕೆಯ ತೋಟಕ್ಕೋ ಹೋಗಿ, ಸಂಜೆಗೆ ಮರಳಿ ಬಂದು ತಿರಿಗಿ ಒಲೆಯ ಮುಂದೆ ಕೂಡ್ರುವ ಹೆಂಗಸಿಗೆ ಬಿಡುವು ಎಲ್ಲಿಯದು? ಈಗ ಅನೇಕ ಮನೆಗಳಿಗೆ ನಳದ ನೀರೂ ಗ್ಯಾಸಿನ ಒಲೆಯೂ ಬಂದಿರುವವು. ಆದರೂ ಹೊತ್ತು ಹೆಚ್ಚಿದಂತೆ ಕಾಣುವದಿಲ್ಲ. ಉಳಿದ ಅಷ್ಟಿಷ್ಟನ್ನು ಕೈಯಲ್ಲಿರುವ ಮೊಬೈಲ್ ತಿಂದುಬಿಡುವದು.

ಆದಕಾರಣ, ಹೊತ್ತೇ ಇಲ್ಲದ ಒಬ್ಬ ತಾಯಿಯ ಮತ್ತು ಆಕೆಯ ಮಗಳ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಮಗಳ ಹೆಸರನ್ನು ನೀವು ಕೇಳಿರುವಿರಿ. ಆಕೆಯೇ ಪಂಡಿತಾ ರಮಾಬಾಯಿ. ತಾಯಿಯಾದ ಲಕ್ಷ್ಮೀಬಾಯಿಯ ಹೆಸರನ್ನು ಬಲ್ಲವರು ಕೊಂಚ ಮಂದಿ.

ರಮಾಬಾಯಿಯವರು ನಮಗೆ ದೂರದವರಲ್ಲ. ಅವರು ೧೮೫೮ರ ಏಪ್ರಿಲ್ ತಿಂಗಳಲ್ಲಿ, ಕಾರ್ಕಳ ಸೀಮೆಯ ಮಾಳದ ಮೇಲಣ ಗಂಗಾಮೂಲವೆಂಬ ಕಾಡಿನಲ್ಲಿ ಹುಟ್ಟಿದರು. ನಮ್ಮ ದೇವಿಮನೆ ಘಟ್ಟವು ಯಾವ ಸಹ್ಯಾದ್ರಿಯ ಸಾಲಿಗೆ ಸೇರಿದೆಯೋ ಅದೇ ಸಾಲಿನ ತೆಂಕಣ ಭಾಗವದು. ಆ ಕಾಲದಲ್ಲಿ ಕುಮಟೆಯೂ ಕಾರ್ಕಳವೂ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಅವರು ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತವನ್ನು ಕಲಿಸುವದನ್ನು ಕಂಡು, ತಮ್ಮ ಹೆಂಡತಿಗೂ ಹಾಗೆಯೇ ಕಲಿಸಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದರು. ಮೊದಲನೆಯ ಹೆಂಡತಿಯ ಕಾಲದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಬಳಿಕ ಒಂಭತ್ತು ವರುಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಪಾಠವನ್ನು ಆರಂಭಿಸಿದರು. ಹೆಣ್ಣಿಗೆ ವಿದ್ಯೆಯೇ ಎಂದು ಹಿರಿಯರು ಅಡ್ಡಿಮಾಡಲಾಗಿ, ಊರನ್ನು ಬಿಟ್ಟು ಗಂಗಾಮೂಲದ ಕಾಡನ್ನು ಸೇರಿದರು. ಮೊದಲನೆಯ ರಾತ್ರಿ ಅಲ್ಲಿ ಮನೆಯೂ ಇರಲಿಲ್ಲ, ಮಾಡೂ ಇರಲಿಲ್ಲ. ಹುಲಿಯ ಕೂಗನ್ನು ಕೇಳಿ ಆ ಹುಡುಗಿಯು ಹಚ್ಚಡದಲ್ಲಿ ಮುದುಡಿಕೊಂಡು ನಡುಗುತ್ತಾ ಮಲಗಿರಲು, ಗಂಡನು ಬೆಳಗಿನ ವರೆಗೆ ಎಚ್ಚತ್ತು ಕಾದನು. ಅಂಥಲ್ಲಿ ಆ ಮನೆ ಎದ್ದಿತು, ಅಂಥಲ್ಲಿ ಪಾಠವು ನಡೆಯಿತು. ಬಳಿಕ ಉಡುಪಿಯ ವಿದ್ವಾಂಸರ ಸಭೆಯ ಮುಂದೆ ಈ ವಿಷಯವಾಗಿ ಉತ್ತರ ಕೊಡಬೇಕಾಗಿ ಬಂದಾಗ, ಸ್ತ್ರೀಯರು ಓದುವದು ತಪ್ಪಲ್ಲವೆಂದು ಶಾಸ್ತ್ರಿಗಳು ಗ್ರಂಥಗಳಿಂದಲೇ ತೋರಿಸಿಕೊಟ್ಟರು.

ಆ ಮನೆಯಲ್ಲಿ ಬಿಡುವೆಂಬದು ಇರಲಿಲ್ಲ. ಶಾಸ್ತ್ರಿಗಳ ಬಳಿ ಓದುವದಕ್ಕೆ ಶಿಷ್ಯರು ಬರುತ್ತಿದ್ದರು, ಯಾತ್ರಿಕರು ಬರುತ್ತಿದ್ದರು, ಅತಿಥಿಗಳು ಬರುತ್ತಿದ್ದರು. ಎಲ್ಲರಿಗೂ ಅಡಿಗೆ ಮಾಡಿ ಬಡಿಸುವವಳು ಲಕ್ಷ್ಮೀಬಾಯಿ. ಬಂದವರನ್ನು ಉಪಚರಿಸಿ ಉಪಚರಿಸಿ ಕೊನೆಗೆ ಸಾಲವು ಬೆಳೆಯಿತು, ಆಸ್ತಿಯು ಹೋಯಿತು. ರಮಾಬಾಯಿಯು ಅರ್ಧ ವರುಷದ ಕೂಸಾಗಿದ್ದಾಗ ಮನೆಯವರು ಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಒಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನಿಳಿದನು. ಅಂದಿನಿಂದ ಅವರಿಗೆ ನೆಲೆಯಾದ ಮನೆಯಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಅಲ್ಲಲ್ಲಿ ಪುರಾಣವನ್ನೋದಿ, ಕೇಳುವವರು ಕೊಟ್ಟದ್ದರಿಂದ ಜೀವಿಸಿದರು.

ಮಗಳಿಗೆ ಎಂಟು ವರುಷವಾಗುವಾಗ ತಂದೆಯು ಕಲಿಸಲಾರದಷ್ಟು ಮುದುಕರಾಗಿದ್ದರು. ತಾಯಿ ಆ ಭಾರವನ್ನು ಹೊತ್ತಳು. ಆದರೆ ಯಾವಾಗ ಕಲಿಸುವದು? ಹಗಲೆಲ್ಲಾ ನಡಿಗೆ, ಅಡಿಗೆ, ಮುದುಕರಾದ ಗಂಡನ ಸೇವೆ. ಆಗ ಲಕ್ಷ್ಮೀಬಾಯಿಯು ಯಾರೂ ಕೇಳದ ಒಂದು ಹೊತ್ತನ್ನು ಕಂಡುಕೊಂಡಳು. ಬೆಳಕು ಹರಿಯುವ ಮುಂಚೆ, ಹಕ್ಕಿಗಳು ಎಚ್ಚರಗೊಳ್ಳುವಾಗ, ನಿದ್ದೆಗಣ್ಣಿನ ಮಗುವನ್ನು ಮುದ್ದುಮಾತುಗಳಿಂದ ಎಬ್ಬಿಸಿ ಮಡಿಲಿಗೆ ಎಳೆದುಕೊಂಡು, ಪುಸ್ತಕವಿಲ್ಲದೆ ಬಾಯಿಪಾಠವಾಗಿ ಕಲಿಸಿದಳು. ಬೆಳಗಾದ ಮೇಲೆ ಕೆಲಸವು ತನ್ನನ್ನು ಎಳೆದುಕೊಂಡು ಹೋಗುವದೆಂದು ಆಕೆಗೆ ತಿಳಿದಿತ್ತು. ಆದಕಾರಣ ಕೆಲಸವು ಕರೆಯುವ ಮುಂಚೆಯೇ ಮಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಟ್ಟಳು. ಹೀಗೆ ಏಳು ವರುಷಗಳ ಕಾಲ, ಮಗಳಿಗೆ ಹದಿನೈದಾಗುವ ವರೆಗೆ, ಈ ಪಾಠವು ನಡೆಯಿತು. ಗೋಡೆಯಿಲ್ಲದ ಆ ಮನೆಗೆ ಆ ಒಂದು ಹೊತ್ತೇ ಗೋಡೆಯಾಗಿತ್ತು.

ವಾಚಕರೇ, ಕ್ರಮವುಳ್ಳ ಮನೆಗೆ ಕಷ್ಟವು ಬಾರದೆಂದು ನಾವು ಹೇಳುವದಿಲ್ಲ. ೧೮೭೪ರಲ್ಲಿ, ಬರಗಾಲದ ದಿನಗಳಲ್ಲಿ, ತಂದೆಯೂ ಕೆಲವೇ ವಾರಗಳೊಳಗೆ ತಾಯಿಯೂ ಹಸಿವೆಯಿಂದ ಸೊರಗಿ ತೀರಿಹೋದರು. ಸ್ವಲ್ಪ ಕಾಲದಲ್ಲಿ ಅಕ್ಕನೂ ಹೋದಳು. ರಮಾಬಾಯಿಯವರೂ ಅಣ್ಣ ಶ್ರೀನಿವಾಸರೂ ಸಾವಿರಾರು ಮೈಲು ಕಾಲ್ನಡೆಯಾಗಿ ಅಲೆದರು. ಇಷ್ಟು ಓದಿದವರು ಹಸಿದದ್ದು ಯಾಕೆ? ಕೈಕೆಲಸವೊಂದನ್ನೂ ಅವರು ಕಲಿತಿರಲಿಲ್ಲ. ಬೇಡುವದಕ್ಕೆ ಮಾನವು ಬಿಡಲಿಲ್ಲ. ಈ ಕೊರತೆಯನ್ನು ರಮಾಬಾಯಿಯವರು ಎಂದಿಗೂ ಮರೆಯಲಿಲ್ಲ.

೧೮೭೮ರಲ್ಲಿ ಅವರು ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಅವರ ಜ್ಞಾನಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಯಾವ ಶಾಲೆಯ ಬಾಗಲನ್ನೂ ಕಾಣದ ಹೆಣ್ಣಿಗೆ ಆ ಗೌರವವನ್ನು ತಂದದ್ದು ತಾಯಿಯ ನಸುಕಿನ ಪಾಠವೇ. ೧೮೮೦ರಲ್ಲಿ ಅಣ್ಣನು ಸತ್ತನು. ಅದೇ ವರುಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು ಮದುವೆಯಾದರು. ೧೮೮೧ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ೧೮೮೨ರಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡನು. ಇಪ್ಪತ್ತನಾಲ್ಕು ವರುಷದ ವಿಧವೆಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದು, ಅದೇ ವರುಷ ಸ್ತ್ರೀಧರ್ಮನೀತಿ ಎಂಬ ಮರಾಠೀ ಪುಸ್ತಕವನ್ನು ಬರೆದರು. ಹೆಂಗಸರ ವಿದ್ಯೆ ನಡತೆಗಳ ಸಂಗಡ ಮನೆಗೆಲಸದ ವಿಷಯವಾಗಿಯೂ ಅದರಲ್ಲಿ ಒಂದು ಅಧ್ಯಾಯವುಂಟು. ಸಂಸ್ಕೃತವನ್ನು ಬಲ್ಲ ಪಂಡಿತೆಗೆ ಮನೆಯನ್ನು ಅಚ್ಚುಕಟ್ಟಾಗಿ ನಡಿಸುವ ವಿಷಯವು ಕೀಳಾಗಿ ತೋರಲಿಲ್ಲ. ಆ ಪುಸ್ತಕದಿಂದ ಬಂದ ಹಣವು ೧೮೮೩ರಲ್ಲಿ ಅವರು ಇಂಗ್ಲಂಡಿಗೆ ಹೋಗುವದಕ್ಕೆ ಸಹಾಯವಾಯಿತು. ಅದೇ ವರುಷದ ಸಪ್ಟಂಬರ್ ೨೯ರಂದು ವಾಂಟೇಜ್ ಎಂಬ ಊರಿನಲ್ಲಿ ಅವರೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಅಮೇರಿಕಕ್ಕೂ ಹೋಗಿ, ಅಲ್ಲಿಯ ಸಹಾಯವನ್ನು ಪಡೆದು ಮರಳಿ ಬಂದು, ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಹೋಯಿತು. ರಮಾಬಾಯಿಯವರು ಮಗಳೊಡನೆ ತಮ್ಮ ಕೋಣೆಯಲ್ಲಿ ಸತ್ಯವೇದವನ್ನೋದಿ ಪ್ರಾರ್ಥಿಸುವಾಗ ಬಾಗಲನ್ನು ಮುಚ್ಚುತ್ತಿರಲಿಲ್ಲ. ಮನಸ್ಸಿದ್ದವರು ಬಂದು ಕೂಡ್ರುತ್ತಿದ್ದರು. ಇದರಿಂದ ೧೮೯೩ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದು, ಅನೇಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಅವರಾದರೋ ಆ ಹೊತ್ತನ್ನೂ ಬಿಡಲಿಲ್ಲ, ಬಾಗಲನ್ನೂ ಮುಚ್ಚಲಿಲ್ಲ.

ಬಳಿಕ ೧೮೯೬ರ ಬರಗಾಲವು ಬಂತು. ಹಸಿವೆಯೆಂದರೆ ಏನೆಂದು ಬಲ್ಲ ರಮಾಬಾಯಿಯವರು ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು ೩೦೦ ಹುಡುಗಿಯರನ್ನು ಕಾಪಾಡಿ ತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗಾಗಿ ನೆಲೆಮಾಡಿದರು. ಅದೇ ಮುಕ್ತಿ ಸದನ. ೧೯೦೦ರಲ್ಲಿ ಗುಜರಾತದ ಬರಗಾಲದಿಂದ ಮತ್ತಷ್ಟು ಮಂದಿ ಬಂದು, ಮನೆಯವರ ಲೆಕ್ಕವು ಎರಡು ಸಾವಿರದ ಹತ್ತಿರಕ್ಕೆ ಏರಿತು.

ಅಂಥ ಮನೆಯಲ್ಲಿ ಒಂದು ಹೊತ್ತಿನ ಊಟವನ್ನು ನೆನಸಿ ನೋಡಿರಿ. ಬಂದ ಹುಡುಗಿಯರು ಮೂಳೆಚಕ್ಕಳವಾಗಿದ್ದರು. ಹಸಿವೆಯು ಅವರಿಗೆ ಕದಿಯುವದನ್ನೂ ಬಚ್ಚಿಡುವದನ್ನೂ ಕಲಿಸಿತ್ತು. ತೊಳೆದುಕೊಳ್ಳುವದೆಂದರೂ ಒಂದು ಕಡೆ ಕೂಡ್ರುವದೆಂದರೂ ಅವರಿಗೆ ಆಗದು. ರಮಾಬಾಯಿಯವರು ಮಾಡಿದ್ದೇನೆಂದರೆ, ಕೆಲಸವನ್ನು ಹಂಚಿದರು. ಬೀಸುವವರು, ಅಡಿಗೆಯವರು, ಹಸುಗಳನ್ನು ನೋಡುವವರು, ಹೊಲದವರು, ನೇಯುವವರು, ಎಣ್ಣೆ ತೆಗೆಯುವವರು, ಬಟ್ಟೆ ಒಗೆಯುವವರು, ಅಚ್ಚುಕೂಟದವರು ಎಂದು ಬೇರೆ ಬೇರೆ ಗುಂಪುಗಳಾದವು. ದೊಡ್ಡವರಿಗೆ ಚಿಕ್ಕವರ ಹೊಣೆ ಇತ್ತು. ಕುರುಡರೂ ಬೆರಳಿನಿಂದ ಓದುವದನ್ನು ಕಲಿತರು. ದಿನದಲ್ಲಿ ಓದಿಗೂ ಕೈಕೆಲಸಕ್ಕೂ ಬೇರೆ ಬೇರೆ ಹೊತ್ತು ಇತ್ತು. ತಾವು ಎಳೆಯ ವಯಸ್ಸಿನಲ್ಲಿ ಶ್ಲೋಕಗಳನ್ನು ಬಲ್ಲವರಾಗಿಯೂ ಒಂದು ಹಿಡಿ ಅಕ್ಕಿಯನ್ನು ದುಡಿಯಲಾರದೆ ಹೋದದ್ದನ್ನು ನೆನಸಿ, ಅಕ್ಷರವನ್ನೂ ಕಸುಬನ್ನೂ ಜೋಡಿಯಾಗಿ ಕಲಿಸಿದರು. ಇದೆಲ್ಲಾ ಒಂದು ದಿನದಲ್ಲಿ ನೆಟ್ಟಗಾದದ್ದಲ್ಲ. ತಿಂಗಳುಗಟ್ಟಲೆ ತಾಳ್ಮೆ ಬೇಕಾಯಿತು.

ಇಷ್ಟು ದೊಡ್ಡ ಸಂಸಾರದ ನಡುವೆಯೇ ರಮಾಬಾಯಿಯವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. ಆ ಕೆಲಸಕ್ಕೆ ಹದಿನೈದು ವರುಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಕ್ಷರಗಳ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಸ್ತ್ರೀಯರೇ. ಅವರ ಕಿವಿ ಮಂದವಾಗಿತ್ತು, ದೇಹವು ಬಳಲಿತ್ತು. ೧೯೨೧ರ ಜುಲೈಯಲ್ಲಿ ಬಲಗೈಯಂತಿದ್ದ ಮನೋರಮೆಯೂ ತೀರಿಹೋದಳು. ಆ ಮಗಳು ಚಿಕ್ಕವಳಾಗಿದ್ದಾಗ ಕೆಲವು ವರುಷ ತಾಯಿಯನ್ನು ಅಗಲಿ ಇಂಗ್ಲಂಡಿನಲ್ಲಿ ಇರಬೇಕಾಗಿತ್ತು. ನಾಡಿನ ಅನಾಥರಿಗೆ ತಾಯಿಯಾದವರಿಗೆ ಸ್ವಂತ ಮಗಳಿಗೆ ಹೊತ್ತು ಕೊಡುವದು ಸುಲಭವಾಗಿರಲಿಲ್ಲವೆಂಬದನ್ನು ನಾವು ಮರೆಮಾಡಬಾರದು. ಆದರೆ ಬೆಳೆದ ಮೇಲೆ ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರು. ನಮ್ಮ ಗುಲ್ಬರ್ಗದಲ್ಲಿ ೧೯೧೨ರಲ್ಲಿ ಹುಡುಗಿಯರ ಶಾಲೆಯನ್ನು ತೆರೆದವಳು ಮನೋರಮೆಯೇ. ಮಗಳು ಹೋದ ಬಳಿಕವೂ ರಮಾಬಾಯಿಯವರು ದಿನದ ಪಾಲಿನ ಕೆಲಸವನ್ನು ಬಿಡದೆ, ಅಚ್ಚಿನ ಕಡೆಯ ಹಾಳೆಗಳನ್ನು ತಿದ್ದಿ ಮುಗಿಸಿದರು. ಮುಗಿಸಿದ ಸ್ವಲ್ಪ ಸಮಯದಲ್ಲೇ, ೧೯೨೨ರ ಏಪ್ರಿಲ್ ೫ರಂದು, ನಿದ್ರೆಹೋದರು. ಪುಸ್ತಕವು ೧೯೨೪ರಲ್ಲಿ ಹೊರಬಂತು. ಮುಕ್ತಿ ಸಂಸ್ಥೆಯು ಇಂದಿಗೂ ಕೇಡಗಾಂವದಲ್ಲಿ ಇರುವದು.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಬರುವ ಬುದ್ಧಿ ಏನು? ಎಲ್ಲಾ ಕೆಲಸ ಮುಗಿದ ಮೇಲೆ ಮಕ್ಕಳನ್ನು ನೋಡುವೆವು ಎನ್ನುವವರಿಗೆ ಕೆಲಸವು ಎಂದೂ ಮುಗಿಯದು. ಮುಖ್ಯವಾದದ್ದಕ್ಕೆ ಒಂದು ಹೊತ್ತನ್ನು ಮುಂಚೆಯೇ ತೆಗೆದಿಡಬೇಕು. ಬಿತ್ತುವ ಬೀಜವನ್ನು ಉಣ್ಣುವ ಭತ್ತದಿಂದ ಮುಂಚೆಯೇ ಬೇರೆಯಾಗಿಡುವದಿಲ್ಲವೇ? ಹಾಗೆಯೇ. ಅದು ಕಾಲು ಗಂಟೆಯಾದರೂ ಸಾಕು, ಆದರೆ ಪ್ರತಿದಿನವೂ ಅದೇ ಹೊತ್ತಾಗಿರಬೇಕು. ಎರಡನೆಯದು, ಮನೆಯ ಕೆಲಸವು ಒಬ್ಬಳದಲ್ಲ. ಎರಡು ಸಾವಿರ ಮಂದಿಯ ಮನೆಯು ನಡೆದದ್ದು ರಮಾಬಾಯಿಯೊಬ್ಬರೇ ಎಲ್ಲವನ್ನು ಮಾಡಿದ್ದರಿಂದಲ್ಲ, ಪ್ರತಿಯೊಬ್ಬಳಿಗೆ ತನ್ನ ಪಾಲು ತಿಳಿದಿದ್ದರಿಂದ. ಐದು ಮಂದಿಯ ಮನೆಯಲ್ಲಿ ನಾಲ್ವರು ಕೂತು ಒಬ್ಬಳು ಓಡಾಡಿದರೆ, ಅಲ್ಲಿ ಹೊತ್ತಿಲ್ಲದೆ ಹೋದದ್ದಲ್ಲ, ನ್ಯಾಯವಿಲ್ಲದೆ ಹೋದದ್ದು.

ಇದನ್ನು ನಾವು ಬೇರೆಯವರಿಗೆ ಹೇಳುವ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಊರೂರಿಗೆ ಹೋಗಿ ಕ್ರಮವನ್ನು ಬೋಧಿಸುತ್ತಿದ್ದಾಗ, ನಮ್ಮ ಮಗಳು ಎಂಟು ತುಂಬಿದರೂ ಸತ್ಯವೇದದ ಒಂದು ಸಾಲನ್ನು ತಡವರಿಸದೆ ಓದಲಾರದವಳಾಗಿದ್ದಳು. ಒಂದು ಮುಂಜಾನೆ ಅದಕ್ಕಾಗಿ ನಾವು ಮನೆಯಾಕೆಯನ್ನು ಗದರಿಸಿದೆವು. ಆಕೆ ಬಾವಿಯ ಕಟ್ಟೆಯ ಬಳಿ ನೀರು ಸೇದುತ್ತಿದ್ದಳು. ಒಂದು ಮಾತನ್ನೂ ಆಡದೆ ಹಗ್ಗವನ್ನು ನಮ್ಮ ಕೈಗೆ ಕೊಟ್ಟು, ಒಳಗೆ ಹೋಗಿ, ಮಗಳನ್ನು ಬಳಿಯಲ್ಲಿ ಕೂಡ್ರಿಸಿಕೊಂಡು ಪುಸ್ತಕವನ್ನು ಬಿಚ್ಚಿದಳು. ಆ ದಿನ ಎಂಟು ಕೊಡ ನೀರು ಸೇದುವಷ್ಟರಲ್ಲಿ ನಮ್ಮ ಅಂಗೈ ಸುಲಿಯಿತು. ಒಳಗಿನಿಂದ ಓದುವ ದನಿಯು ಕೇಳಿಸುತ್ತಿತ್ತು. ಆಗ ನಮಗೆ ನಾಚಿಕೆಯಾಯಿತು. ಲಕ್ಷ್ಮೀಬಾಯಿಯು ತನ್ನ ನಿದ್ದೆಯಿಂದ ಕಿತ್ತುಕೊಂಡು ಮಗಳಿಗೆ ಕೊಟ್ಟ ಹೊತ್ತನ್ನು, ನಮ್ಮ ಮನೆಯಾಕೆಗೆ ನಾವು ಕೊಡಬಹುದಾಗಿತ್ತು. ಇಷ್ಟು ವರುಷ ಕೊಟ್ಟಿರಲಿಲ್ಲ.

ಅಂದಿನಿಂದ ಬೆಳಗಿನ ನೀರು ನಮ್ಮ ಪಾಲಿಗೆ ಬಂತು. ಸುತ್ತಾಟಕ್ಕೆ ಹೋದ ದಿನಗಳಲ್ಲಿ ತಪ್ಪಿದ್ದುಂಟು. ಮಳೆಗಾಲದಲ್ಲಿ ಸೋಮಾರಿತನವು ಗೆದ್ದದ್ದೂ ಉಂಟು. ಆದರೆ ಮಗಳು ಈಗ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯವನ್ನು ತಡೆಯಿಲ್ಲದೆ ಓದುತ್ತಾಳೆ. ತಮ್ಮನಿಗೆ ಅಕ್ಷರವನ್ನೂ ತೋರಿಸುತ್ತಾಳೆ.

ಆದಕಾರಣ, ಸಭೆಯ ಗಂಡಸರೇ, ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾವ ಕೆಲಸದ ಹಗ್ಗವು ಒಬ್ಬಳ ಕೈಯಲ್ಲೇ ಇರುವದೆಂದು ನೋಡಿ, ಆಕೆ ಕೊಡುವ ಮುಂಚೆಯೇ ಅದನ್ನು ಕೇಳಿ ತೆಗೆದುಕೊಳ್ಳಿರಿ. ತಾಯಂದಿರೇ, ಹಾಗೆ ಸಿಕ್ಕಿದ ಹೊತ್ತನ್ನು ಇನ್ನೊಂದು ಕೆಲಸಕ್ಕೆ ಹಾಕಬೇಡಿರಿ. ಮಗುವನ್ನು ಬಳಿಗೆ ಕರೆಯಿರಿ.