ಹೊಸ ತರಗತಿಗೆ ಸೇರಿದ ವಿದ್ಯಾರ್ಥಿ: ಕುವೆಂಪು

ಪದವಿ ಮುಗಿಯುವ ಹೊತ್ತಿಗೆ ಪ್ರತಿ ವಿದ್ಯಾರ್ಥಿಯ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಓದು ಇಷ್ಟಕ್ಕೆ ಸಾಕೋ, ಇನ್ನೂ ಮುಂದುವರಿಯಬೇಕೋ? 2021-22ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಿಗೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024-25ರಿಂದ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ ಜಾರಿಯಾಯಿತು. ನಡುವಿನ ವರ್ಷಗಳಲ್ಲಿ ಸೇರಿದವರು ನಾಲ್ಕನೆಯ ವರ್ಷ ಓದುವುದೋ ಬಿಡುವುದೋ ಎಂದು ತಾವೇ ತೀರ್ಮಾನಿಸಬೇಕಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಕ್ಕಳು ಇಂಥ ಪ್ರಶ್ನೆಯನ್ನು ಮೊದಲು ಕೇಳುವುದು ಶಿಕ್ಷಕರನ್ನೇ. ಅವರಿಗೆ ಹೇಳಲು ತಕ್ಕುದಾದ ಒಂದು ಜೀವನಕಥೆ ಇಲ್ಲಿದೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು. ಹುಟ್ಟೂರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ, ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹನ್ನೆರಡನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ತೀರ್ಥಹಳ್ಳಿಯ ಶಾಲೆ ಮುಗಿಸಿ ಮೈಸೂರಿನ ವೆಸ್ಲಿಯನ್ ಹೈಸ್ಕೂಲಿಗೆ, ಅಲ್ಲಿಂದ ಮಹಾರಾಜಾ ಕಾಲೇಜಿಗೆ ಬಂದರು. ಆಗ ಅವರು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಚಿಕ್ಕ ಪುಸ್ತಕವೊಂದು ಅಚ್ಚಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ಕೊಟ್ಟರು. ತರುಣ ಪುಟ್ಟಪ್ಪ ಕನ್ನಡಕ್ಕೆ ತಿರುಗಿದರು.

1927ರಲ್ಲಿ ಅವರು ಬಿ.ಎ. ಮುಗಿಸಿದರು. ಓದಿದ ವಿಷಯ ತತ್ತ್ವಶಾಸ್ತ್ರ. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ವಿಶ್ವವಿದ್ಯಾನಿಲಯಕ್ಕೆ ಆಗಿನ್ನೂ ಹನ್ನೊಂದು ವರ್ಷ. ಕನ್ನಡ ಎಂ.ಎ. ಓದಿ ಇಂಥ ಕೆಲಸಕ್ಕೆ ಸೇರಿದರು ಎಂದು ತೋರಿಸಲು ಅಲ್ಲಿ ಹಿಂದಿನ ಒಂದು ತಂಡವೂ ಇರಲಿಲ್ಲ. ಪದವಿಯಲ್ಲಿ ಓದಿದ ತತ್ತ್ವಶಾಸ್ತ್ರವನ್ನು ಬಿಟ್ಟು ಇನ್ನೆರಡು ವರ್ಷವನ್ನು ಹೊಸ ತರಗತಿಗೆ ಕೊಡುವುದು ಸಣ್ಣ ತೀರ್ಮಾನವಲ್ಲ. ಪುಟ್ಟಪ್ಪನವರು ಸೇರಿದರು. ಊರಿನಿಂದ ದೂರವಿದ್ದ ಅವರಿಗೆ ಆ ವರ್ಷಗಳಲ್ಲಿ ಮೈಸೂರಿನ ರಾಮಕೃಷ್ಣ ಆಶ್ರಮ ಆಶ್ರಯವಾಗಿತ್ತು.

ಅದೇ ಕಾಲದಲ್ಲಿ ನಮ್ಮ ಭಾಗದ ಸ್ಥಿತಿ ಹೇಗಿತ್ತು ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು. ಆದರೆ 1927ರಲ್ಲಿ ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಮಾಧ್ಯಮ ಉರ್ದು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಕವಿ ಸಿದ್ಧಯ್ಯ ಪುರಾಣಿಕರು ಮುಂದೆ ಓದಿದ್ದು ಅಲ್ಲಿಯೇ. ಇಂದು ನಮ್ಮ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವಿದೆ. ಆಯ್ಕೆಗೆ ಅವಕಾಶ ಇರುವುದೇ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಆ ಮೊದಲ ತರಗತಿಗೆ ಗುರುಗಳಾಗಿದ್ದವರು ಟಿ.ಎಸ್. ವೆಂಕಣ್ಣಯ್ಯನವರು. ಪುಟ್ಟಪ್ಪನವರ ಸಹಪಾಠಿ ಡಿ.ಎಲ್. ನರಸಿಂಹಾಚಾರ್. ಒಂದೇ ತರಗತಿ, ಒಬ್ಬರೇ ಗುರು. ಆದರೂ ಇಬ್ಬರ ದಾರಿ ಬೇರೆಯಾಯಿತು. ನರಸಿಂಹಾಚಾರ್ಯರು ಹಳಗನ್ನಡ ಕಾವ್ಯಗಳ ಶುದ್ಧಪಾಠ ಸಿದ್ಧಪಡಿಸುವ ಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರಾದರು. ಪುಟ್ಟಪ್ಪನವರು ಕವಿಯಾದರು. ಪದವಿಯ ಹೆಸರು ಇಬ್ಬರಿಗೂ ಒಂದೇ. ಅವರನ್ನು ಬೆಳೆಸಿದ್ದು ಅದರ ಒಳಗೆ ಅವರು ಮಾಡಿದ ಕೆಲಸ.

1929ರಲ್ಲಿ ಎಂ.ಎ. ಮುಗಿಸಿದ ಪುಟ್ಟಪ್ಪನವರು ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. 1955ರಲ್ಲಿ ಆ ಕಾಲೇಜಿನ ಪ್ರಾಂಶುಪಾಲರಾದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದರು. ಅಲ್ಲಿಯೇ ಪದವಿ ಪಡೆದು ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು. ಮಾನಸಗಂಗೋತ್ರಿ ರೂಪುಗೊಂಡದ್ದು ಅವರ ಕಾಲದಲ್ಲಿ, ಆ ಹೆಸರಿಟ್ಟವರೂ ಅವರೇ. 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನಂ ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ. ಗುರುಗಳು ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು. ಕುವೆಂಪು 1994ರ ನವೆಂಬರ್ 11ರಂದು ನಿಧನರಾದರು.

ಈ ಕಥೆಯನ್ನು ತರಗತಿಯಲ್ಲಿ ಹೇಳುವ ಪ್ರಶಿಕ್ಷಣಾರ್ಥಿಗಳು ಒಂದು ಎಚ್ಚರ ವಹಿಸಬೇಕು. ಹೆಚ್ಚಿಗೆ ಓದಿದವರೆಲ್ಲ ಕುಲಪತಿಗಳಾಗುತ್ತಾರೆ ಎಂಬ ಅರ್ಥ ಬರಬಾರದು. ಮನೆಯ ಸ್ಥಿತಿ ನೋಡಿ ಮೂರು ವರ್ಷಕ್ಕೇ ಕೆಲಸ ಹಿಡಿದವರು ತಪ್ಪು ಮಾಡಿದರೆಂದೂ ಅಲ್ಲ. ಹೊಸ ತರಗತಿಗೆ ಸೇರುವ ಮೊದಲೇ ಪುಟ್ಟಪ್ಪನವರು ಮೂರು ವರ್ಷ ಕನ್ನಡದಲ್ಲಿ ಬರೆದಿದ್ದರು. ಆಗಲೇ ಕೈಹಾಕಿದ್ದ ಕೆಲಸಕ್ಕೆ ಆ ತರಗತಿ ಒತ್ತಾಸೆಯಾಯಿತು, ಕಲಿಸಲು ಒಳ್ಳೆಯ ಗುರು ಇದ್ದರು, ಇರಲು ಒಂದು ನೆಲೆಯಿತ್ತು.

ಆದ್ದರಿಂದ ಪಾಠದ ಕೊನೆಗೆ ಮಕ್ಕಳಿಂದ ಮೂರು ಉತ್ತರ ಬರೆಯಿಸಿ. ಯಾರೂ ಹೇಳದಿದ್ದರೂ ನೀನು ಯಾವ ವಿಷಯಕ್ಕೆ ಹೊತ್ತು ಕೊಡುತ್ತೀ? ಮುಂದಿನ ಓದಿನಲ್ಲಿ ಅದನ್ನು ಕಲಿಸುವವರು ಯಾರು? ಆ ವರ್ಷಗಳ ಖರ್ಚು, ವಸತಿ ಹೇಗೆ? ಉತ್ತರಗಳನ್ನು ಓದಿದ ಮೇಲೆ, ಸೇರು ಅಥವಾ ಬೇಡ ಎಂದು ನಾವೇ ತೀರ್ಪು ಕೊಡಬೇಕಾಗಿಲ್ಲ. ಖಾಲಿ ಉಳಿದ ಉತ್ತರ ಯಾವುದೆಂದು ತೋರಿಸಿ, ಅದನ್ನು ತುಂಬಲು ನೆರವಾದರೆ ಸಾಕು.