ಸಿ.ಟಿ. ಸ್ಟಡ್: ಕ್ಯಾಪ್ಟನ್ ಕಾಯಿಸಿದ ಆಟಗಾರ

 

ಕಳೆದ ವಾರ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ಬಂದ. ಕಾಲೇಜ್ ಟೀಮಲ್ಲಿ ಫಾಸ್ಟ್ ಬೌಲರ್. ಕೋಚ್ ಒಂದು ಹೇಳ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶಿಫ್ಟ್ ಕೆಲಸ ಮಾಡೋ ಅಪ್ಪ, ಆಟ ಬಿಟ್ಟು ಪ್ಲೇಸ್‌ಮೆಂಟ್‌ಗೆ ಓದು ಅಂತಾರೆ. ಟ್ರಯಲ್ಸ್ ನೋಡಿದ್ರೆ ಭಾನುವಾರ ಬೆಳಿಗ್ಗೆ. ಪಾಸ್ಟರ್, ನೀವೇ ಹೇಳಿಬಿಡಿ ಅಂದ. ನಾನು ಹೇಳಲಿಲ್ಲ. ಹೇಳಿದ್ರೆ ಅದು ನನ್ನ ತೀರ್ಮಾನ ಆಗುತ್ತೆ, ಅವನದಲ್ಲ. ಅದಕ್ಕೇ ಇವತ್ತು ಒಬ್ಬ ಕ್ರಿಕೆಟಿಗನ ಜೀವನ ತಂದಿದ್ದೀನಿ.

ಚಾರ್ಲ್ಸ್ ಥಾಮಸ್ ಸ್ಟಡ್, 1860ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ತಂದೆ ನಮ್ಮ ಬಿಹಾರದ ತಿರ್ಹುತ್‌ನಲ್ಲಿ ನೀಲಿ ಬೆಳೆಸಿ ಸಾಹುಕಾರರಾದವರು. ಮೂಡಿಯವರ ಕೂಟದಲ್ಲಿ ರಕ್ಷಣೆ ಹೊಂದಿದ ಮೇಲೆ ರೇಸ್ ಕುದುರೆಗಳ ಸಹವಾಸ ಬಿಟ್ಟರು. ಮೂವರು ಗಂಡುಮಕ್ಕಳು ಒಬ್ಬರ ಹಿಂದೆ ಒಬ್ಬರು ಕೇಂಬ್ರಿಡ್ಜ್ ಕ್ರಿಕೆಟ್ ಕ್ಯಾಪ್ಟನ್‌ಗಳಾದರು. ಚಾರ್ಲಿಯ ಸರದಿ 1883.

ಅದಕ್ಕೆ ಒಂದು ವರ್ಷ ಮುಂಚೆ, 1882ರ ಆಗಸ್ಟ್, ಓವಲ್ ಮೈದಾನ. ಆಸ್ಟ್ರೇಲಿಯಾ ವಿರುದ್ಧ ಗೆಲ್ಲೋಕೆ 85 ರನ್ ಬೇಕು. ಆ ವರ್ಷ ಇದೇ ಆಸ್ಟ್ರೇಲಿಯನ್ನರ ಮೇಲೆ ಎರಡು ಶತಕ ಹೊಡೆದ ಹುಡುಗ ಈತ. ಆದರೆ ಕ್ಯಾಪ್ಟನ್ ಹಾರ್ನ್‌ಬಿ ಬ್ಯಾಟಿಂಗ್ ಕ್ರಮ ಬದಲಾಯಿಸಿ ಇವರನ್ನು ಹತ್ತನೆಯವರಾಗಿ ಕಳಿಸಿದರು. ಒಂದು ಚೆಂಡನ್ನೂ ಎದುರಿಸದೆ ಕ್ರೀಸಿನ ಇನ್ನೊಂದು ತುದಿಯಲ್ಲಿ ನಿಂತಿದ್ದಾಗಲೇ ತಂಡ 77ಕ್ಕೆ ಮುಗೀತು. 7 ರನ್‌ನಿಂದ ಸೋಲು. ಆಶಸ್ ಅನ್ನೋ ಹೆಸರು ಹುಟ್ಟಿದ್ದು ಆ ಸೋಲಿನಿಂದ. ಎಷ್ಟೇ ಚೆನ್ನಾಗಿ ಆಡಿದರೂ ಯಾವಾಗ ಇಳಿಯಬೇಕು ಅನ್ನೋದು ಆಟಗಾರನ ಕೈಯಲ್ಲಿಲ್ಲ. ಆಡೋ ಮಕ್ಕಳಿಗೆ ಇದು ಗೊತ್ತು.

ಮುಂದೆ ಅಣ್ಣ ಜಾರ್ಜ್ ಸಾಯೋ ಸ್ಥಿತಿಗೆ ಬಂದಾಗ, ಹಾಸಿಗೆ ಪಕ್ಕ ಕೂತ ಚಾರ್ಲಿಗೆ ಹೆಸರು, ರನ್ನು ಎಲ್ಲಾ ಹಗುರವಾಗಿ ಕಂಡಿತು. ಜಾರ್ಜ್ ಬದುಕಿದರು. ಚಾರ್ಲಿ ಚೀನಾಕ್ಕೆ ಸೇವೆಗೆ ಹೋಗ್ತೀನಿ ಅಂದರು. ಮನೆಯವರು ಬಹಳ ತಡೆದರು. ಗಮನಿಸಿ, ತಡೆದವರು ಅವಿಶ್ವಾಸಿಗಳಲ್ಲ, ಪ್ರಾರ್ಥನೆ ಮಾಡೋ ಜನ! 1885ರ ಫೆಬ್ರವರಿಯಲ್ಲಿ ಏಳು ಜನ ಹಡಗು ಹತ್ತಿದರು. ಅವರಲ್ಲಿ ಸ್ಟಾನ್ಲಿ ಸ್ಮಿತ್ ಕೇಂಬ್ರಿಡ್ಜ್‌ನ ದೋಣಿ ತಂಡದವರು.

ಚೀನಾದಲ್ಲಿ 25 ತುಂಬಿದಾಗ ತಂದೆಯ ಆಸ್ತಿ ಕೈಗೆ ಬಂತು, ಸುಮಾರು 29,000 ಪೌಂಡ್. ಎಲ್ಲಾ ಕೊಟ್ಟುಬಿಡ್ತೀನಿ ಅಂತ ಚೊಂಗ್‌ಚಿಂಗ್‌ನಲ್ಲಿ ಬ್ರಿಟಿಷ್ ಕಾನ್ಸಲ್ ಹತ್ತಿರ ಹೋದರೆ ಅವರು ಸಹಿ ಹಾಕಲಿಲ್ಲ. ಎರಡು ವಾರ ಯೋಚಿಸಿ ಬನ್ನಿ ಅಂದರು. ಸ್ಟಡ್ ಜಗಳ ಆಡಲಿಲ್ಲ. ಎರಡು ವಾರ ಕಾದರು, ಮತ್ತೆ ಹೋದರು, ಸಹಿ ಹಾಕಿಸಿಕೊಂಡರು. ನನಗೆ ಈ ಎರಡು ವಾರ ಬಹಳ ಇಷ್ಟ. ಕೂಟದಲ್ಲಿ ಅಳುವಾಗ ತೀರ್ಮಾನ ಮಾಡೋದು ಸುಲಭ. ಹದಿನೈದು ದಿನ ಆದ ಮೇಲೂ ಅದು ಉಳಿದಿದೆಯಾ?

ನೀವು ಬೈಕಲ್ಲಿ ಊಟಿಗೆ ಹೋಗಿ ಬೋಟ್ ಹೌಸ್ ನೋಡಿ ಬರ್ತೀರಿ. 1900ರಿಂದ 1906ರವರೆಗೆ ಸ್ಟಡ್ ಅಲ್ಲೇ ಯೂನಿಯನ್ ಚರ್ಚಿನ ಪಾಸ್ಟರ್. ಆಸ್ತಮಾ ಬಹಳ ಕಾಡುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. 50 ದಾಟಿದ ಮೇಲೆ, ಡಾಕ್ಟರ್ ಬೇಡ ಅಂದರೂ, ಆಫ್ರಿಕಾಕ್ಕೆ ಹೊರಟರು. ಇಲ್ಲಿ ನಾನು ಸುಮ್ಮನೆ ಹೊಗಳೋಕೆ ಆಗಲ್ಲ. ಹೆಂಡತಿ ಪ್ರಿಸಿಲ್ಲಾ ಹೃದಯದ ಕಾಯಿಲೆಯಿಂದ ಇಂಗ್ಲೆಂಡಿನಲ್ಲಿ ಉಳಿದರು. ಕೊನೆಯ ವರ್ಷಗಳಲ್ಲಿ, 1928ರಲ್ಲಿ, ಅವರು ಕಾಂಗೋಗೆ ಬಂದು ಗಂಡನ ಜೊತೆ ಇದ್ದದ್ದು ಎರಡೇ ವಾರ. ಮರುವರ್ಷ ತೀರಿಕೊಂಡರು. ಸ್ಟಡ್ ತಮ್ಮಷ್ಟೇ ದುಡಿಯಬೇಕು ಅಂತ ಜೊತೆ ಸೇವಕರನ್ನೂ ಒತ್ತಾಯ ಮಾಡಿದರು, ಕೆಲವರು ಬಿಟ್ಟು ಹೋದರು. ತನ್ನ ತೀರ್ಮಾನ ತಾನೇ ಮಾಡಿದ ಮನುಷ್ಯ ಬೇರೆಯವರ ತೀರ್ಮಾನಕ್ಕೆ ಅಷ್ಟು ಜಾಗ ಕೊಡಲಿಲ್ಲವೇನೋ ಅಂತ ನನಗೆ ಅನಿಸುತ್ತೆ. 1931ರ ಜುಲೈಯಲ್ಲಿ ಕಾಂಗೋದ ಇಬಾಂಬಿಯಲ್ಲಿ ಮಹಿಮೆಗೆ ಸೇರಿದರು.

ತಮ್ಮಾ, ಟ್ರಯಲ್ಸ್‌ಗೆ ಇನ್ನೂ ಎರಡು ವಾರ ಇದೆ ಅಲ್ವಾ? ಅಪ್ಪನೂ ಇಲ್ಲೇ ಇದ್ದಾರೆ. ಇಬ್ಬರೂ ಮುಂದೆ ಬನ್ನಿ. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.